‘ಸೈಕೋ’: ಗುಟ್ಟು ಗೊತ್ತಿದ್ದರೂ ಭಯ ಯಾಕೆ ಹೋಗುವುದಿಲ್ಲ?

ಆಲ್ಫ್ರೆಡ್ ಹಿಚ್‌ಕಾಕ್ ಅವರ ‘ಸೈಕೋ’ ಬಂದಿದ್ದು 1960ರಲ್ಲಿ. ಕಪ್ಪು ಬಿಳುಪು ಸಿನಿಮಾ. ಅದರಲ್ಲಿ ದೆವ್ವ ಇಲ್ಲ, ಮಾಟ ಇಲ್ಲ, ಗ್ರಾಫಿಕ್ಸ್ ಇಲ್ಲ. ನಮ್ಮ ಕಣ್ಣೆದುರಿಗೆ ಸಾಯುವವರು ಇಬ್ಬರೇ. ಬಚ್ಚಲಮನೆಯ ಕೊಲೆ ದೃಶ್ಯವನ್ನಂತೂ ಸಿನಿಮಾ ನೋಡದವರೂ ಎಲ್ಲೋ ಒಂದು ಕಡೆ ನೋಡಿರುತ್ತಾರೆ. ಆ ಪಿಟೀಲಿನ ಕಿರುಚಾಟವನ್ನು ಬಾಯಲ್ಲೇ ಅನುಕರಿಸಿ ಗೆಳೆಯರನ್ನು ಹೆದರಿಸುವ ಹುಡುಗರಿಗೆ ಅದು ಯಾವ ಸಿನಿಮಾದ್ದು ಅಂತಲೂ ಗೊತ್ತಿರುವುದಿಲ್ಲ. ಇಷ್ಟೆಲ್ಲ ಬಳಕೆಯಾದ ಮೇಲೂ ಪೂರ್ತಿ ಸಿನಿಮಾ ಕೂತು ನೋಡಿದರೆ ಇವತ್ತಿಗೂ ಮೈ ಜುಂ ಅನ್ನುತ್ತದೆ. ಯಾಕೆ?

ನನಗೆ ಕಂಡ ಉತ್ತರ ಇದು. ಬರೀ ಬೆಚ್ಚಿಬೀಳಿಸುವ ಸಿನಿಮಾ ಒಂದೇ ಸಲಕ್ಕೆ ಮುಗಿದುಹೋಗುತ್ತದೆ. ‘ಸೈಕೋ’ ಬೆಚ್ಚಿಬೀಳಿಸುತ್ತದೆ ನಿಜ, ಆದರೆ ಅದಕ್ಕಿಂತ ಜಾಸ್ತಿ ಅದು ನಮ್ಮನ್ನು ಒಬ್ಬರ ಪಕ್ಷ ವಹಿಸುವ ಹಾಗೆ ಮಾಡುತ್ತದೆ. ಮೊದಲು ಹಣ ಕದ್ದವಳ ಪಕ್ಷ, ಆಮೇಲೆ ಕೊಲೆ ಮುಚ್ಚಿಹಾಕುವವನ ಪಕ್ಷ. ಇಷ್ಟು ಹೊತ್ತು ಯಾರ ಬೆನ್ನಿಗೆ ನಿಂತಿದ್ದೆವು ಎಂದು ತಿಳಿದಾಗ ಹುಟ್ಟುವ ಭಯ ಇದೆಯಲ್ಲ, ಅದು ಗುಟ್ಟು ಗೊತ್ತಾದ ಮಾತ್ರಕ್ಕೆ ಕರಗುವುದಿಲ್ಲ. ಗೊತ್ತಾದಷ್ಟೂ ಏರುತ್ತದೆ.

ಬಳ್ಳಾರಿಯಲ್ಲಿ ನಾವು ಕೆಲವರು ಸೇರಿ ಬೇಸಿಗೆ ರಾತ್ರಿ ಮಾಳಿಗೆ ಮೇಲೆ ಬಿಳಿ ಬಟ್ಟೆ ಕಟ್ಟಿ ಹಳೇ ಸಿನಿಮಾ ಹಾಕುತ್ತೇವೆ. ಹಗಲಿನ ಬಿಸಿಲಿಗೆ ಕಾದ ಮನೆಯೊಳಗೆ ಹೇಗೂ ನಿದ್ದೆ ಬರುವುದಿಲ್ಲ. ಅಕ್ಕಪಕ್ಕದ ಮನೆಯವರು, ಕಾಲೇಜು ಹುಡುಗ ಹುಡುಗಿಯರು ಚಾಪೆ ಹಾಸಿಕೊಂಡು ಕೂರುತ್ತಾರೆ. ಇಂಗ್ಲಿಷ್ ಮಾತು ಅರ್ಥವಾಗದ ಕಡೆ ಒಬ್ಬರು ಕನ್ನಡದಲ್ಲಿ ಹೇಳುತ್ತಾರೆ. ತೆಲುಗು ಹಾರರ್ ಸಿನಿಮಾ ನೋಡಿಕೊಂಡೇ ಬೆಳೆದ ಹುಡುಗರು ಇವರು, ಸುಲಭಕ್ಕೆ ಹೆದರುವವರಲ್ಲ. ಇವರ ಜೊತೆ ಕೂತು ನೋಡಿದ ಮೇಲೆಯೇ ಈ ಸಿನಿಮಾ ಎಲ್ಲೆಲ್ಲಿ ಕೆಲಸ ಮಾಡುತ್ತದೆ ಎಂದು ನನಗೆ ಸರಿಯಾಗಿ ಕಂಡದ್ದು. ಮುಂದೆ ಕತೆಯ ಗುಟ್ಟನ್ನೂ ಹೇಳುತ್ತೇನೆ. ನೋಡದೇ ಇರುವವರು ಬೇಕಿದ್ದರೆ ನೋಡಿಕೊಂಡು ಬಂದು ಓದಿ.

ಕತೆ ಶುರುವಾಗುವುದು ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ಊರಿನಲ್ಲಿ. ಮೇರಿಯನ್ ಕ್ರೇನ್ ಒಂದು ಆಫೀಸಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳು. ಅವಳ ಪ್ರಿಯಕರ ಸ್ಯಾಮ್ ಸಾಲದಲ್ಲಿದ್ದಾನೆ, ಹಾಗಾಗಿ ಮದುವೆ ಮುಂದೆ ಮುಂದೆ ಹೋಗುತ್ತಿದೆ. ಒಂದು ದಿನ ಬ್ಯಾಂಕಿಗೆ ಕಟ್ಟಿ ಬಾ ಎಂದು ಮಾಲೀಕರು ಕೊಟ್ಟ 40,000 ಡಾಲರ್ ಎತ್ತಿಕೊಂಡು ಅವಳು ಕಾರು ಹತ್ತುತ್ತಾಳೆ. ಇದು ಕಳ್ಳತನ. ಆದರೂ ಅವಳು ಸಿಕ್ಕಿಬೀಳಬಾರದು ಅಂತಲೇ ನಮಗೆ ಅನಿಸುತ್ತದೆ. ದಾರಿಯಲ್ಲಿ ಕಪ್ಪು ಕನ್ನಡಕದ ಪೊಲೀಸ್ ಒಬ್ಬ ಕಾರಿನ ಕಿಟಕಿಯಲ್ಲಿ ಬಗ್ಗಿ ನೋಡುತ್ತಾನೆ. ಅವನು ಕೆಟ್ಟವನಲ್ಲ, ತನ್ನ ಕೆಲಸ ಮಾಡುತ್ತಿದ್ದಾನೆ ಅಷ್ಟೆ. ಆದರೆ ಕ್ಯಾಮೆರಾ ಆ ಮುಖವನ್ನು ತೀರಾ ಹತ್ತಿರದಿಂದ ತೋರಿಸುತ್ತದೆ, ಕಣ್ಣು ಕಾಣುವುದೇ ಇಲ್ಲ. ನಮ್ಮ ಮಾಳಿಗೆ ಮೇಲೆ ಎಲ್ಲರೂ ಅವನನ್ನೇ ಬೈದರು. ಸಿನಿಮಾ ಶುರುವಾಗಿ ಇನ್ನೂ ಅರ್ಧ ಗಂಟೆ ಆಗಿಲ್ಲ, ಆಗಲೇ ನಾವು ಕಳ್ಳತನದ ಕಡೆ, ಕಾನೂನಿನ ವಿರುದ್ಧ.

ರಾತ್ರಿ ಜೋರು ಮಳೆ. ದಾರಿ ತಪ್ಪಿದ ಮೇರಿಯನ್ ಬೇಟ್ಸ್ ಮೋಟೆಲ್‌ಗೆ ಬರುತ್ತಾಳೆ. ಹೊಸ ಹೆದ್ದಾರಿ ಬೇರೆ ಕಡೆ ಹೋದದ್ದರಿಂದ ಅಲ್ಲಿಗೆ ಗಿರಾಕಿಗಳೇ ಇಲ್ಲ. 12 ಕೋಣೆಗಳು, 12ಕ್ಕೆ 12 ಖಾಲಿ. ನೋಡಿಕೊಳ್ಳುವವನು ನಾರ್ಮನ್ ಬೇಟ್ಸ್ ಎಂಬ ಹುಡುಗ. ನಾಚಿಕೆ ಸ್ವಭಾವ, ತೆಳ್ಳಗಿನ ಮೈ, ಮಾತಿನಲ್ಲಿ ಸ್ವಲ್ಪ ತೊದಲು. ಹಿಂದಿನ ಗುಡ್ಡದ ಮೇಲಿನ ದೊಡ್ಡ ಮನೆಯಲ್ಲಿ ಕಾಯಿಲೆಯ ತಾಯಿಯ ಜೊತೆ ಇದ್ದಾನೆ. ಅವನು ಮೇರಿಯನ್‌ಗೆ ಸ್ಯಾಂಡ್‌ವಿಚ್, ಹಾಲು ತಂದುಕೊಡುತ್ತಾನೆ. ಹೊಟ್ಟೆಗೆ ಹೊಟ್ಟು ತುಂಬಿ ಒಣಗಿಸಿಟ್ಟ ಹಕ್ಕಿಗಳು ಗೋಡೆ ತುಂಬ ಇರುವ ಕೋಣೆಯಲ್ಲಿ ಇಬ್ಬರೂ ಕೂತು ಮಾತಾಡುತ್ತಾರೆ. ಮನುಷ್ಯ ತಾನೇ ಹೆಣೆದ ಬಲೆಯಲ್ಲಿ ಹೇಗೆ ಸಿಕ್ಕಿಕೊಳ್ಳುತ್ತಾನೆ ಎಂಬ ಮಾತು ಬರುತ್ತದೆ. ಆ ಮಾತು ಕೇಳಿ ಮೇರಿಯನ್ ಹಣ ವಾಪಸ್ ಕೊಡುವ ಮನಸ್ಸು ಮಾಡುತ್ತಾಳೆ. ಕಾಗದದ ಮೇಲೆ ಲೆಕ್ಕ ಹಾಕುತ್ತಾಳೆ. 40,000ದಲ್ಲಿ ದಾರಿಯಲ್ಲಿ ಕಾರು ಬದಲಾಯಿಸಲು ಕೊಟ್ಟ 700 ಕಳೆದರೆ 39,300. ಆ ಕಾಗದ ಹರಿದು ಕಮೋಡಿಗೆ ಹಾಕಿ ನೀರು ಬಿಡುತ್ತಾಳೆ. ಅಮೆರಿಕದ ಸಿನಿಮಾದಲ್ಲಿ ಆವರೆಗೆ ಕಮೋಡ್ ತೋರಿಸಿ ನೀರು ಬಿಟ್ಟದ್ದೇ ಇರಲಿಲ್ಲ ಎನ್ನುತ್ತಾರೆ, ಅಷ್ಟು ಮಡಿವಂತಿಕೆಯ ಕಾಲ ಅದು. ಆಮೇಲೆ ಅವಳು ಸ್ನಾನಕ್ಕೆ ಹೋಗುತ್ತಾಳೆ.

ಈ ಕ್ರಮವನ್ನು ಗಮನಿಸಬೇಕು. ಅವಳು ಸಾಯುವುದು ತಪ್ಪು ಮಾಡಿದ ಹೊತ್ತಿನಲ್ಲಿ ಅಲ್ಲ, ತಪ್ಪು ತಿದ್ದಿಕೊಳ್ಳಲು ಹೊರಟ ಮೇಲೆ. ನಮ್ಮ ಬಯಲಾಟದಿಂದ ಹಿಡಿದು ಸೀರಿಯಲ್‌ವರೆಗೆ ಒಂದು ಲೆಕ್ಕ ಇದೆ, ತಪ್ಪಿಗೆ ಶಿಕ್ಷೆ, ಪಶ್ಚಾತ್ತಾಪಕ್ಕೆ ಕ್ಷಮೆ. ಹಿಚ್‌ಕಾಕ್ ಆ ಲೆಕ್ಕವನ್ನೇ ತಲೆಕೆಳಗು ಮಾಡಿದರು. ಅವಳ ಮುಖದ ಮೇಲೆ ನೀರು ಬೀಳುತ್ತಿರುವಾಗ ನಮ್ಮ ಮನಸ್ಸೂ ಹಗುರಾಗಿರುತ್ತದೆ. ಆಗಲೇ ಚಾಕು ಬರುತ್ತದೆ.

ಇನ್ನೊಂದು ವಿಷಯ ಆಗಿನವರಿಗೆ ಮಾತ್ರ ಪೂರ್ತಿ ತಟ್ಟಿದ್ದು. ಮೇರಿಯನ್ ಪಾತ್ರ ಮಾಡಿದ ಜಾನೆಟ್ ಲೀ ಆಗ ದೊಡ್ಡ ತಾರೆ. ಸಿನಿಮಾ ಒಟ್ಟು 109 ನಿಮಿಷ, ಅದರಲ್ಲಿ ಸುಮಾರು 47ನೇ ನಿಮಿಷಕ್ಕೆ ನಾಯಕಿಯೇ ಹೋಗಿಬಿಟ್ಟರೆ ಏನು ಗತಿ? ಇದಕ್ಕಾಗಿಯೇ ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು ಎಂದು ಹಿಚ್‌ಕಾಕ್ ಥಿಯೇಟರ್‌ಗಳಿಗೆ ಕಟ್ಟುನಿಟ್ಟಾಗಿ ಹೇಳಿದರು. ಅಲ್ಲಿಯವರೆಗೆ ಅಮೆರಿಕದ ಜನ ಮಧ್ಯದಲ್ಲಿ ಬಂದು ಕೂತು, ಮುಂದಿನ ಆಟದಲ್ಲಿ ಬಿಟ್ಟುಹೋದದ್ದನ್ನು ನೋಡಿ ಎದ್ದು ಹೋಗುತ್ತಿದ್ದರು. ತಡವಾಗಿ ಬಂದವರು ಜಾನೆಟ್ ಲೀ ಎಲ್ಲಿ ಅಂತ ಕಾಯುತ್ತಾ ಕೂರುತ್ತಿದ್ದರು ಅಲ್ವಾ? ಈ ನಿಯಮ ಪ್ರಚಾರವೂ ಆಯಿತು. ಬಾಗಿಲ ಹೊರಗಿನ ಉದ್ದ ಸಾಲೇ ಜನರ ಕುತೂಹಲ ಕೆರಳಿಸಿತು.

ಈಗ ಆ ಕೊಲೆ. ಅದನ್ನು ಚಿತ್ರಿಸಲು 1959ರ ಡಿಸೆಂಬರ್‌ನಲ್ಲಿ 7 ದಿನ ಹಿಡಿಯಿತು. 78 ಕೋನಗಳಲ್ಲಿ ಕ್ಯಾಮೆರಾ ಇಟ್ಟರು, ಎಡಿಟಿಂಗ್‌ನಲ್ಲಿ 52 ಕಡೆ ಕತ್ತರಿಸಿದರು ಎಂಬುದು ಸಿನಿಮಾ ಓದುವವರ ಬಾಯಲ್ಲಿ ಸದಾ ಇರುವ ಲೆಕ್ಕ. ತೆರೆಯ ಮೇಲೆ ಚಾಕು ಆಡುವುದು ಸುಮಾರು 45 ಸೆಕೆಂಡ್. ಅಂದರೆ ನಮ್ಮ ಕಣ್ಣು ಯಾವ ಚಿತ್ರದ ಮೇಲೂ ನಿಲ್ಲಲು ಬಿಡುವುದಿಲ್ಲ. ಕೈ, ಬಾಯಿ, ನೀರು, ಚಾಕು, ಹೊಟ್ಟೆ, ಪಾದ, ಮತ್ತೆ ಚಾಕು. ಚಾಕು ಮೈಯೊಳಗೆ ಇಳಿದದ್ದನ್ನು ನಾವು ನೋಡಿದ್ದೇವೆ ಎಂದು ಎಷ್ಟೋ ಜನ ಆಣೆ ಮಾಡುತ್ತಾರೆ. ಆ ಗಾಯಗಳನ್ನೆಲ್ಲ ಮಾಡಿದ್ದು ನಮ್ಮದೇ ತಲೆ. ಒಂದು ತುಣುಕಿಗೂ ಇನ್ನೊಂದು ತುಣುಕಿಗೂ ನಡುವೆ ಬಿಟ್ಟ ಜಾಗವನ್ನು ನೋಡುವವನೇ ತುಂಬಿಕೊಳ್ಳಬೇಕು. ನಾವೇ ತುಂಬಿಕೊಂಡದ್ದಕ್ಕೆ ಹಳೆಯದಾಗುವ ಭಯವಿಲ್ಲ. ಎಷ್ಟೋ ಹಳೇ ಹಾರರ್ ಸಿನಿಮಾಗಳ ಮೇಕಪ್ಪು ಇವತ್ತಿನ ಮಕ್ಕಳಿಗೆ ನಗು ತರಿಸುತ್ತದೆ. ಇಲ್ಲಿ ನಗಲು ಏನೂ ಕಾಣುವುದೇ ಇಲ್ಲ.

ರಕ್ತ ಅಂತ ಬಳಸಿದ್ದು ಚಾಕೊಲೇಟ್ ಸಿರಪ್. ಕಪ್ಪು ಬಿಳುಪಿನಲ್ಲಿ ಅದು ನಿಜವಾದ ರಕ್ತದ ಹಾಗೇ ಕಾಣುತ್ತದೆ. ಚಾಕು ಚುಚ್ಚುವ ಸದ್ದಿಗೆ ಕರಬೂಜದ ಹಣ್ಣಿಗೆ ಚುಚ್ಚಿದರು. ಬಣ್ಣ ಬೇಡ ಎಂದದ್ದಕ್ಕೆ ಎರಡು ಕಾರಣ. ಬಣ್ಣದಲ್ಲಿ ಅಷ್ಟು ರಕ್ತ ನೋಡಲು ಅಸಹ್ಯವಾಗುತ್ತದೆ ಎಂಬುದು ಒಂದು, ಖರ್ಚು ಇನ್ನೊಂದು. ಹಿಂದಿನ ವರ್ಷದ ಸಿನಿಮಾಕ್ಕೆ 40 ಲಕ್ಷ ಡಾಲರ್‌ಗೂ ಜಾಸ್ತಿ ಸುರಿದಿದ್ದ ಹಿಚ್‌ಕಾಕ್, ಇದನ್ನು ತಮ್ಮ ಟಿ.ವಿ. ಕಾರ್ಯಕ್ರಮದ ತಂಡ ಕಟ್ಟಿಕೊಂಡು ಸುಮಾರು 8 ಲಕ್ಷದಲ್ಲಿ ಮುಗಿಸಿದರು.

ಸಂಗೀತದ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಬಚ್ಚಲಮನೆಯ ದೃಶ್ಯಕ್ಕೆ ಸಂಗೀತವೇ ಬೇಡ, ನೀರಿನ ಸದ್ದು ಸಾಕು ಎಂಬುದು ಹಿಚ್‌ಕಾಕ್ ಯೋಚನೆಯಾಗಿತ್ತು. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಆ ಮಾತು ಮೀರಿ ಬರೆದು ಕೇಳಿಸಿದರು. ಕೇಳಿದ ಮೇಲೆ ಹಿಚ್‌ಕಾಕ್ ಮನಸ್ಸು ಬದಲಿಸಿದರು. ಇಡೀ ಸಿನಿಮಾಕ್ಕೆ ಹರ್ಮನ್ ಬಳಸಿದ್ದು ತಂತಿ ವಾದ್ಯ ಮಾತ್ರ. ಪಿಟೀಲು ಮತ್ತು ಅದರ ದೊಡ್ಡ ಅಣ್ಣಂದಿರು, ಅಷ್ಟೆ. ಡ್ರಮ್ ಇಲ್ಲ, ತುತ್ತೂರಿ ಇಲ್ಲ. ಪಿಟೀಲನ್ನು ತೀರಾ ಮೇಲಿನ ಸ್ವರದಲ್ಲಿ ಬಿರುಸಾಗಿ ಎಳೆದಾಗ ಅದು ರಾಗವಾಗಿ ಕೇಳುವುದಿಲ್ಲ, ಸೀಳಿದ ಕಿರುಚಾಟವಾಗಿ ಕೇಳುತ್ತದೆ. ಅಪಾಯಕ್ಕೆ ಸಿಕ್ಕ ಮರಿ ಪ್ರಾಣಿಯ ಗಂಟಲು ಹೀಗೇ ಒಡೆಯುತ್ತದೆ. ಅಂಥ ಒಡೆದ ಸದ್ದಿಗೆ ಪ್ರಾಣಿಗಳೂ ಮನುಷ್ಯರೂ ಯೋಚಿಸುವ ಮೊದಲೇ ಎಚ್ಚೆತ್ತುಕೊಳ್ಳುತ್ತಾರೆ. ಪ್ರಾಣಿಗಳ ಕೂಗನ್ನು ಅಭ್ಯಾಸ ಮಾಡಿದ ಅಮೆರಿಕದ ಜೀವವಿಜ್ಞಾನಿ ಡೇನಿಯಲ್ ಬ್ಲೂಮ್‌ಸ್ಟೀನ್ ಸಿನಿಮಾ ಸಂಗೀತವನ್ನೂ ಇದೇ ಕಣ್ಣಿನಿಂದ ನೋಡಿದ್ದಾರೆ. ಹಾಗಾಗಿ ದೃಶ್ಯ ಬಾಯಿಪಾಠ ಆಗಿದ್ದರೂ ಕಿವಿಗೆ ಮಾತ್ರ ಅದು ಪ್ರತಿ ಸಲವೂ ಹೊಸ ಅಪಾಯವೇ.

ಆದರೆ ನಮ್ಮ ಕಡೆಯವರಿಗೆ ಈ ದೃಶ್ಯದಲ್ಲಿ ಇನ್ನೂ ಒಂದು ಒಳದಾರಿ ಇದೆ. ಅದು ಪರದೆ. ಶವರ್‌ನ ಪ್ಲಾಸ್ಟಿಕ್ ಪರದೆಯ ಆಚೆ ಬಾಗಿಲು ತೆರೆದುಕೊಳ್ಳುತ್ತದೆ, ಒಂದು ಮಸುಕು ಆಕಾರ ಕಾಣುತ್ತದೆ, ಹತ್ತಿರ ಬಂದಷ್ಟೂ ಅದರ ಅಂಚು ಗಟ್ಟಿಯಾಗುತ್ತದೆ. ಬಳ್ಳಾರಿ, ಕೊಪ್ಪಳದ ಹಳ್ಳಿಗಳಲ್ಲಿ ತೊಗಲುಗೊಂಬೆಯಾಟ ನೋಡಿದವರಿಗೆ ಇದು ತೀರಾ ಹಳೇ ಪರಿಚಯ. ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಮೇಲೆ ಪೇಟೆಯ ಹುಡುಗರಿಗೂ ಆ ಕಲೆಯ ಹೆಸರು ಗೊತ್ತು. ಅಲ್ಲೂ ಬಿಳಿ ಪರದೆ, ಹಿಂದೆ ಬೆಳಕು. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಚೊಕ್ಕವಾಗಿ ಕಾಣುತ್ತದೆ, ದೀಪದ ಕಡೆ ಸರಿಸಿದರೆ ಮಸುಕಾಗಿ ಹಿಗ್ಗುತ್ತದೆ. ಆದರೆ ಒಂದು ವ್ಯತ್ಯಾಸ ಇದೆ, ಅಲ್ಲೇ ಹಿಚ್‌ಕಾಕ್ ಜಾಣತನ ಇರುವುದು. ಗೊಂಬೆಯಾಟದಲ್ಲಿ ಆಕಾರವೇ ಗುರುತು. ಕಿರೀಟ ನೋಡಿದರೆ ರಾಮ, ಹತ್ತು ತಲೆ ನೋಡಿದರೆ ರಾವಣ. ಕೂಸು ಕೂಡ ಹೇಳುತ್ತದೆ. ‘ಸೈಕೋ’ದಲ್ಲಿ ಆಕಾರವೇ ಸುಳ್ಳು ಹೇಳುತ್ತದೆ. ತುರುಬು ಕಾಣುತ್ತದೆ, ಲಂಗ ಕಾಣುತ್ತದೆ, ಮುದುಕಿ ಎಂದು ನಂಬುತ್ತೇವೆ. ಪರದೆ ಸರಿದ ಮೇಲೂ ಮುಖದ ಮೇಲೆ ಕತ್ತಲು. ಆ ದೃಶ್ಯ ತೆಗೆಯುವಾಗ ನಾರ್ಮನ್ ಪಾತ್ರದ ಆಂಥನಿ ಪರ್ಕಿನ್ಸ್ ಅಲ್ಲಿ ಇರಲೇ ಇಲ್ಲ, ನ್ಯೂಯಾರ್ಕ್‌ನಲ್ಲಿ ಒಂದು ನಾಟಕದ ತಾಲೀಮಿನಲ್ಲಿದ್ದರು. ಆ ನೆರಳು ಬೇರೆ ಒಬ್ಬ ಹೆಂಗಸಿನದು. ನೆರಳನ್ನು ನಂಬಿ ಹೆಸರು ಹೇಳುವ ನಮ್ಮ ಹಳೇ ಅಭ್ಯಾಸವನ್ನೇ ಅದು ನಮ್ಮ ಮೇಲೆ ತಿರುಗಿಸುತ್ತದೆ.

ಜನ ಈ ಕೊಲೆಯನ್ನೇ ನೆನಪಿಟ್ಟುಕೊಳ್ಳುತ್ತಾರೆ. ನನ್ನ ಪ್ರಕಾರ ಸಿನಿಮಾದ ನಿಜವಾದ ಎದೆಗುಂಡಿಗೆ ಇರುವುದು ಅದರ ನಂತರದ ಹತ್ತು ನಿಮಿಷದಲ್ಲಿ.

ತಾಯಿಯೇ ಕೊಂದಳೆಂದು ಗಾಬರಿಯಾಗಿ ನಾರ್ಮನ್ ಓಡಿಬರುತ್ತಾನೆ. ಆಮೇಲೆ ಬಚ್ಚಲು ತೊಳೆಯುತ್ತಾನೆ. ಹಿಚ್‌ಕಾಕ್ ಇದನ್ನು ಅವಸರ ಮಾಡದೆ ತೋರಿಸುತ್ತಾರೆ. ಒರೆಸುವ ಕೋಲು, ಬಕೆಟ್ಟು, ಟವೆಲ್ಲು. ಟಬ್ಬಿನ ಅಂಚು ಒರೆಸಿ, ನೆಲ ಒರೆಸಿ, ಕೈ ತೊಳೆದು, ಆ ಸಿಂಕನ್ನೂ ತೊಳೆಯುತ್ತಾನೆ. ಹೆಣವನ್ನು ಪರದೆಯಲ್ಲೇ ಸುತ್ತಿ ಕಾರಿನ ಡಿಕ್ಕಿಗೆ ಹಾಕುತ್ತಾನೆ. ಕದ್ದ ಹಣ ಸುತ್ತಿಟ್ಟ ನ್ಯೂಸ್‌ಪೇಪರ್ ಮಂಚದ ಪಕ್ಕದಲ್ಲೇ ಇದೆ. ಅದರೊಳಗೆ ಏನಿದೆ ಎಂದೂ ನೋಡದೆ ಅದನ್ನೂ ಡಿಕ್ಕಿಗೆ ಎಸೆಯುತ್ತಾನೆ. ಅಷ್ಟು ಹೊತ್ತು ನಾವು ಜೀವ ಬಿಗಿಹಿಡಿದು ಹಿಂಬಾಲಿಸಿದ 40,000 ಡಾಲರ್ ಕಸದ ಜೊತೆ ಹೋಯಿತು. ಇಡೀ ಕತೆ ಯಾವುದರ ಬಗ್ಗೆ ಅಂದುಕೊಂಡಿದ್ದೆವೋ ಅದೇ ಉಳಿಯಲಿಲ್ಲ. ಈಗ ನಮಗೆ ಹಿಡಿದುಕೊಳ್ಳಲು ಇರುವವನು ನಾರ್ಮನ್ ಒಬ್ಬನೇ.

ಅವನು ಕಾರನ್ನು ಹಿಂದಿನ ಜವುಗು ಕೆಸರಿಗೆ ತಳ್ಳುತ್ತಾನೆ. ಕಾರು ಗುಳುಗುಳು ಎಂದು ಇಳಿಯುತ್ತದೆ. ಅರ್ಧಕ್ಕೂ ಹೆಚ್ಚು ಮುಳುಗಿದ ಮೇಲೆ ನಿಂತುಬಿಡುತ್ತದೆ. ನಾರ್ಮನ್ ಬಾಯಿಗೆ ಏನೋ ಹಾಕಿಕೊಂಡು ಅಗಿಯುತ್ತಿದ್ದವನು ಅಗಿಯುವುದು ನಿಲ್ಲಿಸಿ ಆ ಕಡೆ ಈ ಕಡೆ ನೋಡುತ್ತಾನೆ. ನಮ್ಮ ಮಾಳಿಗೆ ಮೇಲೆ ಎಲ್ಲರೂ ಉಸಿರು ಹಿಡಿದರು. ಹಿಂದಿನ ಚಾಪೆಯಿಂದ ಒಬ್ಬ ಹುಡುಗ “ಅಯ್ಯೋ, ನಿಂತೇಬಿಡ್ತಲ್ಲ! ಮುಳುಗೋ, ಮುಳುಗೋ!” ಎಂದ. ಕಾರು ಮುಳುಗಿತು. ಎಲ್ಲರಿಗೂ ಸಮಾಧಾನ. ಆಗ ಪಕ್ಕದಲ್ಲಿದ್ದ ಅಕ್ಕ ಒಬ್ಬರು “ಅದರಾಗ ಆ ಹುಡುಗಿ ಇದಾಳಲ್ಲೋ” ಎಂದರು. ಒಂದು ಕ್ಷಣ ಯಾರೂ ಮಾತಾಡಲಿಲ್ಲ.

ನನಗೆ ಆ ಮಾತಿಗಿಂತ ಚೆನ್ನಾಗಿ ‘ಸೈಕೋ’ವನ್ನು ವಿವರಿಸಲು ಬರುವುದಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ಅವಳಿಗಾಗಿ ಮರುಗಿದವರೇ ಅವಳ ಹೆಣ ಬೇಗ ಮುಳುಗಲಿ ಎಂದು ಬಯಸಿದೆವು. ಯಾರೂ ನಮ್ಮನ್ನು ಬಲವಂತ ಮಾಡಲಿಲ್ಲ. ಮನೆಕೆಲಸ ಮಾಡುವವನನ್ನು ಹತ್ತಿರದಿಂದ ನೋಡುತ್ತಿದ್ದರೆ ಆ ಕೆಲಸ ಚೆನ್ನಾಗಿ ಮುಗಿಯಲಿ ಅಂತಲೇ ಮನಸ್ಸು ಬಯಸುತ್ತದೆ, ಅದು ಎಂಥ ಕೆಲಸವೇ ಆಗಿರಲಿ. ಬೆಚ್ಚುವುದಕ್ಕೂ ಕಾತರಕ್ಕೂ ಇರುವ ವ್ಯತ್ಯಾಸವನ್ನು ಹಿಚ್‌ಕಾಕ್ ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರೂಫೊ ಅವರಿಗೆ ವಿವರಿಸಿದ್ದು ಪ್ರಸಿದ್ಧ. ಮೇಜಿನ ಕೆಳಗೆ ಬಾಂಬ್ ಇರುವುದು ಯಾರಿಗೂ ಗೊತ್ತಿಲ್ಲದೆ ಸಿಡಿದರೆ 15 ಸೆಕೆಂಡಿನ ಬೆಚ್ಚು. ನೋಡುವವರಿಗೆ ಮೊದಲೇ ಗೊತ್ತಿದ್ದು, ಮೇಜಿನ ಸುತ್ತ ಕೂತವರಿಗೆ ಗೊತ್ತಿಲ್ಲದಿದ್ದರೆ 15 ನಿಮಿಷದ ಕಾತರ. ಬಚ್ಚಲಮನೆ ಬೆಚ್ಚು, ಕೆಸರು ಕಾತರ. ಬೆಚ್ಚು ಮರುಸಲಕ್ಕೆ ತಗ್ಗುತ್ತದೆ. ಕಾತರ ತಗ್ಗುವುದಿಲ್ಲ. ಕಾರು ಮುಳುಗುತ್ತದೆ ಎಂದು ಗೊತ್ತಿದ್ದೂ ನಾನು ಈಗಲೂ ಆ ಜಾಗದಲ್ಲಿ ಮುಂದಕ್ಕೆ ಬಾಗುತ್ತೇನೆ.

ಇದಕ್ಕೆ ಉಲ್ಟಾ ಸಾಕ್ಷಿಯೂ ಇದೆ. 1998ರಲ್ಲಿ ಗಸ್ ವಾನ್ ಸ್ಯಾಂಟ್ ಎಂಬ ನಿರ್ದೇಶಕರು ‘ಸೈಕೋ’ವನ್ನು ಹೆಚ್ಚುಕಡಿಮೆ ಶಾಟ್‌ಗೆ ಶಾಟ್ ಹಾಗೆಯೇ ಮತ್ತೆ ತೆಗೆದರು. ಅದೇ ಮಾತು, ಅದೇ ಕೋನ, ಹರ್ಮನ್‌ರ ಅದೇ ಸಂಗೀತ. ಬಣ್ಣದಲ್ಲಿ, ಹೊಸ ನಟರ ಜೊತೆ. ಅದು ಓಡಲಿಲ್ಲ. ನನಗೆ ಕಾಣುವ ಕಾರಣ ಪರ್ಕಿನ್ಸ್. ಅವರ ನಾರ್ಮನ್‌ನನ್ನು ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ, ಅಯ್ಯೋ ಪಾಪ ಅನಿಸುತ್ತದೆ. ಹೊಸ ಸಿನಿಮಾದಲ್ಲಿ ವಿನ್ಸ್ ವಾನ್ ದಷ್ಟಪುಷ್ಟ ಆಳು, ಮೊದಲ ನೋಟಕ್ಕೇ ಇವನಲ್ಲಿ ಏನೋ ಇದೆ ಅನಿಸಿಬಿಡುತ್ತದೆ. ನಾವು ಅವನ ಕಡೆ ಹೋಗುವುದೇ ಇಲ್ಲ. ಹೋಗದಿದ್ದರೆ ಕಾರು ಮುಳುಗಲಿ, ತೇಲಲಿ, ನಮಗೇನು?

ಇಷ್ಟೊಂದು ಮೆಚ್ಚಿ ಬರೆದರೂ ಈ ಸಿನಿಮಾದ ಒಂದು ಭಾಗ ನನಗೆ ಸರಿ ಅನಿಸಿಲ್ಲ. ಕೊನೆಗೆ ತಾಯಿ ಎಂದೋ ಸತ್ತಿದ್ದಾಳೆ, ಅವಳ ಬಟ್ಟೆ ತೊಟ್ಟು, ಅವಳ ದನಿಯಲ್ಲಿ ಮಾತಾಡಿ ಕೊಲ್ಲುತ್ತಿದ್ದವನು ನಾರ್ಮನ್ ಎಂದು ಗೊತ್ತಾಗುತ್ತದೆ. ಆಗ ಒಬ್ಬ ಮನೋವೈದ್ಯ ಬಂದು ಎಲ್ಲವನ್ನೂ ಪಾಠದ ಹಾಗೆ ಬಿಡಿಸಿ ಹೇಳುತ್ತಾನೆ. 1960ರ ಜನರಿಗೆ ಅದು ಬೇಕಿತ್ತೇನೋ. ಆದರೆ ಅದಾದ ಮೇಲೆ ಎಷ್ಟೋ ಭಾಷೆಗಳ ಸಿನಿಮಾಗಳು ಮನಸ್ಸಿನ ಕಾಯಿಲೆ ಅಂದರೆ ಕೊಲೆಗಾರ ಎಂಬ ಸಸ್ತಾ ದಾರಿ ಹಿಡಿದವು. ಊರಲ್ಲಿ ಯಾರಾದರೂ ಸ್ವಲ್ಪ ಬೇರೆ ಥರ ನಡೆದುಕೊಂಡರೆ ಸಾಕು, “ಸೈಕೋ” ಎಂದು ಕರೆದುಬಿಡುತ್ತಾರೆ. ಮನಸ್ಸಿನ ಕಾಯಿಲೆ ಇರುವ ಬಹುಪಾಲು ಜನರಿಂದ ಯಾರಿಗೂ ಅಪಾಯ ಇಲ್ಲ, ಅವರಿಗೇ ಬೇರೆಯವರಿಂದ ತೊಂದರೆ ಜಾಸ್ತಿ. ನಮ್ಮ ಕಡೆ ಮೊದಲೇ ಗಾಳಿ ಸೋಕಿದೆ, ದೆವ್ವ ಬಡಿದಿದೆ ಎಂದು ಆಸ್ಪತ್ರೆಗೆ ತಡವಾಗಿ ಕರೆದುಕೊಂಡು ಹೋಗುತ್ತಾರೆ. ಅದರ ಮೇಲೆ ಈ ಹೆಸರೂ ಅಂಟಿದರೆ ಇನ್ನೂ ಬಚ್ಚಿಡುತ್ತಾರೆ. ಮಾಳಿಗೆ ಮೇಲೆ ಈ ಸಿನಿಮಾ ಹಾಕಿದಾಗಲೆಲ್ಲ ಇಷ್ಟನ್ನು ನಾವು ಹೇಳಿಯೇ ಹೇಳುತ್ತೇವೆ.

ಈಗಾಗಲೇ ಒಂದು ಸಲ ನೋಡಿದವರು ಎರಡನೇ ಸಲ ಅವಶ್ಯ ನೋಡಬೇಕು. ನಾರ್ಮನ್ ಹೇಳುವ ಒಂದೊಂದು ಮಾತಿಗೂ ಆಗ ಎರಡೆರಡು ಅರ್ಥ ಬರುತ್ತವೆ. ಮೇರಿಯನ್‌ಳನ್ನು ಹುಡುಕಿಕೊಂಡು ಬಂದ ಪತ್ತೇದಾರ ಪ್ರಶ್ನೆ ಕೇಳುವಾಗ ನಾರ್ಮನ್ ಮಿಠಾಯಿ ಅಗಿಯುತ್ತಾ ರಿಜಿಸ್ಟರ್ ನೋಡಲು ಬಾಗುತ್ತಾನೆ, ಕ್ಯಾಮೆರಾ ಕೆಳಗಿನಿಂದ ಅವನ ಗಂಟಲನ್ನೇ ಹಿಡಿಯುತ್ತದೆ. ಒಣಗಿಸಿಟ್ಟ ಹಕ್ಕಿಯೊಂದು ಗಂಟಲು ಆಡಿಸಿದ ಹಾಗೆ ಕಾಣುತ್ತದೆ. ಮಿಠಾಯಿ ಅಗಿಯುವುದು ಪರ್ಕಿನ್ಸ್ ಅವರೇ ತಂದ ಯೋಚನೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೀಲಿ ಕೊಡುವ ದೃಶ್ಯ. ಮೇರಿಯನ್ ಸುಳ್ಳು ಹೆಸರು ಬರೆಯುತ್ತಾಳೆ. ಯಾವ ಊರು ಎಂದು ಹೇಳಲು ತೋಚದೆ ಚೀಲದಲ್ಲಿದ್ದ ನ್ಯೂಸ್‌ಪೇಪರಿನ ಹೆಸರು ನೋಡಿ “ಲಾಸ್ ಏಂಜಲೀಸ್” ಎನ್ನುತ್ತಾಳೆ. ಆಗ ನಾರ್ಮನ್ ಬೆನ್ನು ತಿರುಗಿಸಿ ಕೀಲಿ ತೆಗೆಯುತ್ತಿರುತ್ತಾನೆ. ಒಂದು ಕೀಲಿಯ ಕಡೆ ಹೋದ ಕೈ ತಡೆಯುತ್ತದೆ, ಸರಿದು 1ನೇ ನಂಬರಿನದನ್ನು ಎತ್ತಿಕೊಳ್ಳುತ್ತದೆ. ಆಫೀಸಿಗೆ ಅಂಟಿಕೊಂಡ ಕೋಣೆ ಅದು, ಗೋಡೆಯಲ್ಲಿ ನಾರ್ಮನ್ ಇಣುಕುವ ತೂತು ಇರುವುದೂ ಆ ಕೋಣೆಗೇ. ಅವನ ತಲೆಯಲ್ಲಿ ಎಲ್ಲವೂ ಶುರುವಾಗುವುದು ಆ ಒಂದು ಗಳಿಗೆಯಲ್ಲಿ. ಹಿಚ್‌ಕಾಕ್ ಅದನ್ನು ಮುಚ್ಚಿಟ್ಟಿಲ್ಲ, ತೆರೆಯ ಮೇಲೆ ಬೆಳಕಿನಲ್ಲೇ ಇಟ್ಟಿದ್ದಾರೆ. ಮೊದಲ ಸಲ ನಾವು ಅದನ್ನು ನೋಡುವುದಿಲ್ಲ, ಯಾಕಂದ್ರೆ ಮೇರಿಯನ್‌ಳ ಸುಳ್ಳು ಸಿಕ್ಕಿಬೀಳದಿರಲಿ ಎಂದು ನಮ್ಮ ಗಮನವೆಲ್ಲ ಆ ನ್ಯೂಸ್‌ಪೇಪರ್ ಮೇಲೆ ಇರುತ್ತದೆ.